ತಿರುಗುವ ಚಕ್ರದ ಆಸರೆ

ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿತ ಸೋದರಿಯರೆಲ್ಲರಿಗೂ ಒಂದು ಚಕ್ರದ ಪರಿಚಯವು ಚೆನ್ನಾಗಿ ಇರುವದು. ಹೊಲಿಗೆಯ ಯಂತ್ರದ ಕೆಳಗೆ, ಕಾಲಿನಿಂದ ತುಳಿಯುವ ಹಲಗೆಯ ಬದಿಯಲ್ಲಿ, ಎರಕದ ಕಬ್ಬಿಣದ ದೊಡ್ಡ ಗಾಲಿಯೊಂದು ಇರುತ್ತದಷ್ಟೆ. ಅದು ಅಷ್ಟು ಭಾರವಾಗಿ ಯಾಕಿರಬೇಕೆಂದು ಹೊಲಿಯುವ ಕಾಲಕ್ಕೆ ನಮ್ಮಲ್ಲಿ ಯಾರೂ ಕೇಳಿದವರಲ್ಲ. ಕಾಲಿನ ಒತ್ತು ಏನೂ ಕೆಲಸಕ್ಕೆ ಬಾರದ ಎರಡು ಸ್ಥಾನಗಳು ಆ ಗಾಲಿಯ ಪ್ರತಿಯೊಂದು ಸುತ್ತಿನಲ್ಲಿಯೂ ಬರುವವು. ಆ ಸ್ಥಾನಗಳಲ್ಲಿ ಸೂಜಿಯು ನಿಂತುಹೋಗದಂತೆ ದಾಟಿಸಿಕೊಡುವದು ಗಾಲಿಯ ಭಾರವೇ. ಒತ್ತು ದೊರೆತಾಗ ಅದನ್ನು ಕೂಡಿಸಿಟ್ಟುಕೊಂಡು, ಒತ್ತು ಇಲ್ಲದಾಗ ತಿರುಗಿ ಕೊಡುವದೇ ಅದರ ಧರ್ಮ. ಕುಂಬಾರನ ತಿಗರಿಯೂ ಇದೇ ಜಾತಿಯದು. ಕೋಲಿನಿಂದ ನಾಲ್ಕು ಸಲ ತಿರುವಿಬಿಟ್ಟರೆ ಒಂದು ಗಡಿಗೆಯು ಆಕಾರ ತಾಳುವ ವರೆಗೂ ಅದು ತಿರುಗುತ್ತಿರುವದು. ಇಂಥ ಚಕ್ರಕ್ಕೆ ಇಂಗ್ಲಿಷಿನಲ್ಲಿ ಫ್ಲೈವೀಲ್ ಎಂದು ಹೆಸರು. ಈ ಲೇಖನದಲ್ಲಿ ನಾವು ಅದನ್ನು ಭಾರಚಕ್ರವೆಂದು ಕರೆಯುವೆವು.

ಶಾಲೆಯ ಹಳೆಯ ವಿದ್ಯಾರ್ಥಿನಿಯರಾದ ನಾವು ಮೂವರು ಕೆಲವು ವರ್ಷಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಶಾಲೆಗೆ ಬಂದು, ಒಂಬತ್ತನೆಯ ತರಗತಿಯ ಬಾಲಿಕೆಯರ ಸಂಗಡ ಯಂತ್ರಗಳ ಕೆಲಸವನ್ನು ಮಾಡುತ್ತಿರುವೆವು. ಕಳೆದ ವರ್ಷ ಐವರು ಬಾಲಿಕೆಯರು ಒಂದು ರೋಬಾಟನ್ನು ಕಟ್ಟಿ ಅಂತರಶಾಲಾ ಸ್ಪರ್ಧೆಗೆ ಒಯ್ದರು. ಆ ಯಂತ್ರವನ್ನು ಬೀಳದಂತೆ ಹಿಡಿದದ್ದು ಒಂದು ಭಾರಚಕ್ರ. ಅದರ ಸಲುವಾಗಿ ಶಾಲೆಯಲ್ಲಿ ಎದ್ದ ಚರ್ಚೆಯು ತಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿರಬಹುದು. ಆದಕಾರಣ, ಆ ಚಕ್ರವು ಏನು ಮಾಡುತ್ತದೆ, ಅದರಿಂದ ಬಂದ ಆತಂಕವು ಯಾವದು, ಅದನ್ನು ನಾವು ಹೇಗೆ ಪರಿಹರಿಸಿಕೊಂಡೆವು ಎಂಬುದನ್ನು ಹಳೆಯ ಸೋದರಿಯರ ಮುಂದೆಯೂ ತಾಯಿತಂದೆಗಳ ಮುಂದೆಯೂ ಕ್ರಮವಾಗಿ ಹೇಳುವದು ಯುಕ್ತವೆಂದು ತೋರಿತು.

ಸ್ಪರ್ಧೆಯ ನಿಯಮವು ಹೀಗಿತ್ತು. ಎರಡು ಮೀಟರು ಉದ್ದ, 5 ಸೆಂಟಿಮೀಟರು ಅಗಲದ ಒಂದು ಹಲಗೆಯೇ ಸೇತುವೆ. ಯಂತ್ರವು ಯಾರ ಕೈಯೂ ತಾಕದೆ ಅದನ್ನು ದಾಟಬೇಕು. ನಟ್ಟನಡುವೆ 10 ಸೆಕೆಂಡು ನಿಂತು, ತರುವಾಯ ಮುಂದೆ ಹೋಗಬೇಕು. ಇಷ್ಟು ಇಕ್ಕಟ್ಟಾದ ಹಾದಿಯಲ್ಲಿ ನಾಲ್ಕು ಗಾಲಿಯ ಬಂಡಿಯು ಹೋಗಲಾರದು. ಸೈಕಲ್ಲಿನಂತೆ ಒಂದರ ಹಿಂದೆ ಒಂದು ಗಾಲಿಯುಳ್ಳ ಯಂತ್ರವೇ ಆಗಬೇಕು. ಸೈಕಲ್ಲಾದರೋ ಓಡುವಾಗ ನಿಲ್ಲುತ್ತದೆ, ನಿಂತಾಗ ಬೀಳುತ್ತದೆ. ನಿಂತಾಗಲೂ ಬೀಳದಂತೆ ಮಾಡುವದು ಹೇಗೆ ಎಂಬುದೇ ಬಾಲಿಕೆಯರ ಮುಂದಿದ್ದ ಪ್ರಶ್ನೆ.

ಈ ಪ್ರಶ್ನೆಯು ಹೊಸದಲ್ಲ. ತಿರುಗುವ ಚಕ್ರದ ಗುಣಗಳನ್ನು ಕುರಿತು ವಿದ್ವಾಂಸರು ಬಹುಕಾಲದಿಂದ ಯೋಚಿಸುತ್ತಿದ್ದಾರೆ. ಫ್ರಾನ್ಸ್ ದೇಶದ ಲಿಯೋನ್ ಫೂಕೋ ಎಂಬವರು 1852ರಲ್ಲಿ, ಯಾವ ಕಡೆಗಾದರೂ ಸ್ವತಂತ್ರವಾಗಿ ಹೊರಳಬಲ್ಲ ಚೌಕಟ್ಟಿನಲ್ಲಿ ಒಂದು ಚಕ್ರವನ್ನು ವೇಗವಾಗಿ ತಿರುಗಿಸಿ, ಭೂಮಿಯು ತನ್ನ ಸುತ್ತ ತಾನೇ ತಿರುಗುವದನ್ನು ಅದರಿಂದ ತೋರಿಸಿದರು; ಅದಕ್ಕೆ ಗೈರೋಸ್ಕೋಪ್ ಎಂದು ಹೆಸರಿಟ್ಟವರೂ ಅವರೇ. ಐರ್ಲೆಂಡಿನಲ್ಲಿ ಜನಿಸಿದ ಲೂಯಿ ಬ್ರೆನನ್ ಎಂಬವರು ಒಂದೇ ಹಳಿಯ ಮೇಲೆ ಓಡುವ ರೈಲುಬಂಡಿಯನ್ನು ಕಟ್ಟಿ, 1909ನೆಯ ನವೆಂಬರ್ 10ರಂದು ಇಂಗ್ಲೆಂಡಿನ ಗಿಲ್ಲಿಂಗ್‌ಹ್ಯಾಮ್ ಎಂಬಲ್ಲಿ 40 ಜನರನ್ನು ಅದರಲ್ಲಿ ಕೂರಿಸಿ ಓಡಿಸಿ ತೋರಿಸಿದರು. ಬಂಡಿಯೊಳಗೆ ಒಂದಕ್ಕೊಂದು ವಿರುದ್ಧವಾಗಿ ತಿರುಗುವ ಎರಡು ಭಾರಚಕ್ರಗಳಿದ್ದವು. ಜನರು ಒಂದೇ ಬದಿಗೆ ಕೂಡಿ ನಿಂತರೂ ಬಂಡಿಯು ಮಗುಚಲಿಲ್ಲ. ಆದಾಗ್ಯೂ ಪ್ರತಿಯೊಂದು ಡಬ್ಬಿಗೂ ಬೇರೆ ಬೇರೆ ಚಕ್ರಗಳು ಬೇಕಾದುದರಿಂದಲೂ, ಚಕ್ರವು ನಿಂತರೆ ಗತಿಯೇನೆಂಬ ಹೆದರಿಕೆಯಿಂದಲೂ ಆ ರೈಲು ಬಳಕೆಗೆ ಬರಲಿಲ್ಲ.

ಚಕ್ರದಿಂದ ಎರಡು ಬಗೆಯ ಸಹಾಯವನ್ನು ಪಡೆಯಬಹುದು. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳುವದು ಅವಶ್ಯ.

ಮೊದಲನೆಯದನ್ನು ನಾವು ವಿಜ್ಞಾನದ ಕೊಠಡಿಯಲ್ಲಿ ಮಾಡಿ ನೋಡಿದೆವು. ತಿರುಗುವ ಸ್ಟೂಲಿನ ಮೇಲೆ ಒಬ್ಬ ಹುಡುಗಿಯನ್ನು ಕೂರಿಸಿ, ಸೈಕಲ್ಲಿನ ಗಾಲಿಯೊಂದರ ಅಚ್ಚನ್ನು ಎರಡೂ ಕೈಗಳಿಂದ ಹಿಡಿಸಿ, ಗಾಲಿಯನ್ನು ರಭಸದಿಂದ ತಿರುವಿಬಿಟ್ಟೆವು. ಅವಳು ಅಚ್ಚನ್ನು ಎಡಕ್ಕೋ ಬಲಕ್ಕೋ ವಾಲಿಸಿದ ಕೂಡಲೆ ಸ್ಟೂಲು ತಾನಾಗಿಯೇ ಅವಳನ್ನು ಹೊತ್ತುಕೊಂಡು ತಿರುಗಿತು. ನೆಲವನ್ನು ಕಾಲಿನಿಂದ ಒತ್ತದೆ, ಗೋಡೆಯನ್ನು ಕೈಯಿಂದ ನೂಕದೆ, ಒಬ್ಬಳು ದಿಕ್ಕು ಬದಲಾಯಿಸಿದಳು! ರಭಸವಾಗಿ ತಿರುಗುವ ಚಕ್ರದ ಅಚ್ಚನ್ನು ಒಂದು ಕಡೆಗೆ ಬಾಗಿಸಲು ಹೋದರೆ, ಅದು ನಾವು ನೂಕಿದ ಕಡೆಗೆ ಹೋಗದೆ ಅದಕ್ಕೆ ಅಡ್ಡವಾದ ಕಡೆಗೆ ಹೊರಳುವದು. ಬುಗುರಿಯು ವಾಲಿದರೂ ಬೀಳದೆ ತಲೆಯನ್ನು ಸುತ್ತಿಸುತ್ತಿರುವದಕ್ಕೆ ಇದೇ ಕಾರಣ.

ಅಮೆರಿಕದಲ್ಲಿ ಬ್ಯಾಟಲ್‌ಬಾಟ್ಸ್ ಎಂಬ ಯಂತ್ರಗಳ ಕಾಳಗವು ನಡೆಯುತ್ತದೆ. ಅಲ್ಲಿಯ ಅನೇಕ ಯಂತ್ರಗಳು ನಿಲುವಾಗಿ ತಿರುಗುವ ಭಾರವಾದ ಚಕ್ರವನ್ನೇ ಆಯುಧವಾಗಿ ಹೊತ್ತಿರುತ್ತವೆ. ಅಂಥ ಯಂತ್ರವು ಥಟ್ಟನೆ ತಿರುಗಿದರೆ, ಮೇಲೆ ಹೇಳಿದ ನಿಯಮಕ್ಕನುಸಾರವಾಗಿ ಅದರ ಒಂದು ಬದಿಯ ಗಾಲಿಯು ನೆಲವನ್ನು ಬಿಟ್ಟು ಏಳುವದು. ಉಳಿದವರಿಗೆ ತೊಡಕಾಗಿರುವ ಈ ಗುಣವನ್ನು ರೆಕ್ಸ್ ಎಂಬ ಯಂತ್ರವನ್ನು ಕಟ್ಟಿದವರು ನಡಿಗೆಗೇ ಉಪಯೋಗಿಸಿಕೊಂಡರು. ಅದು ಮೈಯನ್ನು ಎಡಕ್ಕೆ ತಿರುಗಿಸಿ ಒಂದು ಪಾದವನ್ನು ಎತ್ತುವದು, ಬಲಕ್ಕೆ ತಿರುಗಿಸಿ ಮತ್ತೊಂದನ್ನು ಎತ್ತುವದು. ಹೀಗೆ ತೂಗಾಡುತ್ತ ಮುಂದುವರಿಯುವದು. ಒಡೆದು ಕೆಡವುವ ಆ ಆಟವು ನಮ್ಮ ಬಾಲಿಕೆಯರಿಗೆ ಅಷ್ಟಾಗಿ ರುಚಿಸಲಿಲ್ಲ. ಆದರೂ ಆ ನಡಿಗೆಯ ಚಿತ್ರವನ್ನು ಅವರು ಎಷ್ಟು ಸಲ ನೋಡಿದರೆಂಬುದಕ್ಕೆ ಲೆಕ್ಕವಿಲ್ಲ.

ಎರಡನೆಯ ಬಗೆಯು ಇನ್ನೂ ಸರಳವಾದದ್ದು. ಕಿರಿದಾದ ಗೋಡೆಯ ಮೇಲೆ ನಡೆಯುವ ಮಗುವು ಬಲಕ್ಕೆ ಬೀಳುವಂತಾದಾಗ ಏನು ಮಾಡುವದು? ತನ್ನ ಎರಡೂ ತೋಳುಗಳನ್ನು ಬಲಗಡೆಗೇ ರಭಸದಿಂದ ಬೀಸುವದು. ತೋಳುಗಳು ಬಲಕ್ಕೆ ಹೋದಂತೆ ಮೈಯು ಎಡಕ್ಕೆ ನೂಕಲ್ಪಡುವದು. ಮಗುವು ನೆಟ್ಟಗೆ ನಿಲ್ಲುವದು. ಕ್ರಿಯೆಗೆ ಸಮನಾದ ಪ್ರತಿಕ್ರಿಯೆಯಿರುವದೆಂಬ ನ್ಯೂಟನ್ನರ ನಿಯಮವು ಇದೇ ಆಗಿದೆ. ತೋಳುಗಳ ಬದಲು ಒಂದು ಭಾರಚಕ್ರವನ್ನು ಇಟ್ಟು, ಯಂತ್ರವು ಬಲಕ್ಕೆ ವಾಲಿದಾಗ ಚಕ್ರದ ವೇಗವನ್ನು ಬಲಕ್ಕೆ ಹೆಚ್ಚಿಸಿದರೆ ಯಂತ್ರದ ಮೈಯು ಎಡಕ್ಕೆ ಬರುವದು. ಇಲ್ಲಿ ಕೆಲಸ ಮಾಡುವದು ಚಕ್ರದ ವೇಗವಲ್ಲ, ವೇಗದಲ್ಲಿ ಆಗುವ ಬದಲಾವಣೆ. ಒಂದೇ ವೇಗದಿಂದ ತಿರುಗುತ್ತಿರುವ ಚಕ್ರವು ಈ ವಿಷಯದಲ್ಲಿ ಏನೂ ಸಹಾಯ ಮಾಡಲಾರದು.

ಜಪಾನಿನ ಮುರಾಟಾ ಕಂಪನಿಯವರು 2005ರಲ್ಲಿ ತೋರಿಸಿದ ಮುರಾಟಾ ಬಾಯ್ ಎಂಬ 50 ಸೆಂಟಿಮೀಟರು ಎತ್ತರದ ಗೊಂಬೆಯು ಸೈಕಲ್ಲಿನ ಮೇಲೆ ಕುಳಿತು, ಕಾಲು ಊರದೆ ನಿಂತಲ್ಲಿಯೇ ನಿಲ್ಲುತ್ತದೆ. ಅದರ ಎದೆಯೊಳಗೆ ಇಂಥದೇ ಚಕ್ರವಿದೆ. ಮೂರು ವರ್ಷಗಳ ತರುವಾಯ, 2008ರಲ್ಲಿ, ಅವರೇ ಮುರಾಟಾ ಗರ್ಲ್ ಎಂಬ ಬಾಲಿಕೆಯನ್ನು ತೋರಿಸಿದರು. ಅವಳು ಒಂದೇ ಗಾಲಿಯ ಸೈಕಲ್ಲನ್ನು ನಡೆಸುವಳು. ಹುಡುಗನಿಗಿಂತ ಹುಡುಗಿಯ ಕೆಲಸವು ಕಠಿಣವಾದದ್ದೆಂದು ನಮ್ಮ ಐವರೂ ಬಹಳ ಹಿಗ್ಗಿದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2013ರ ಸುಮಾರಿಗೆ ಕಟ್ಟಿದ ಕ್ಯೂಬ್ಲಿ ಎಂಬ ಪೆಟ್ಟಿಗೆಯು ಇನ್ನೂ ಸೋಜಿಗವಾದದ್ದು. ಎಲ್ಲ ಬದಿಗೂ 15 ಸೆಂಟಿಮೀಟರಿರುವ ಆ ಪೆಟ್ಟಿಗೆಯೊಳಗೆ ಮೂರು ಚಕ್ರಗಳಿವೆ. ಚಕ್ರವನ್ನು ವೇಗವಾಗಿ ತಿರುಗಿಸಿ ಥಟ್ಟನೆ ತಡೆದರೆ ಪೆಟ್ಟಿಗೆಯು ಮಲಗಿದಲ್ಲಿಂದ ಎದ್ದು, ತನ್ನ ಒಂದು ಮೂಲೆಯ ಮೇಲೆಯೇ ನಿಲ್ಲುವದು.

ನಮ್ಮ ಯಂತ್ರಕ್ಕೆ ಈ ಎರಡನೆಯ ಬಗೆಯನ್ನೇ ಆರಿಸಿಕೊಂಡೆವು. ಊರಿನ ಲೇತ್ ಕಾರ್ಖಾನೆಯವರು ಅರ್ಧ ಕಿಲೋಗ್ರಾಂ ತೂಕದ ಒಂದು ಹಿತ್ತಾಳೆಯ ಚಕ್ರವನ್ನು ಕಡೆದುಕೊಟ್ಟರು. ತೂಕವೆಲ್ಲವೂ ಅಂಚಿನಲ್ಲಿರಬೇಕೆಂದು ನಡುವಿನ ಲೋಹವನ್ನು ತೆಗೆಸಿದ್ದೆವು. ಅಚ್ಚಿನಿಂದ ಅಂಚಿಗೆ 6 ಸೆಂಟಿಮೀಟರು. ಯಂತ್ರದ ಒಟ್ಟು ತೂಕವು 3 ಕಿಲೋಗ್ರಾಂ, ಅದರ ಗುರುತ್ವಕೇಂದ್ರವು ನೆಲದಿಂದ 15 ಸೆಂಟಿಮೀಟರು ಎತ್ತರದಲ್ಲಿತ್ತು. ಯಂತ್ರವು ಎಷ್ಟು ವಾಲಿತೆಂಬುದನ್ನು ಒಂದು ಚಿಕ್ಕ ಸೆನ್ಸರ್ ಕ್ಷಣಕ್ಷಣಕ್ಕೂ ತಿಳಿಸುವದು. ಅದಕ್ಕೆ ತಕ್ಕಂತೆ ಮೋಟಾರು ಚಕ್ರದ ವೇಗವನ್ನು ಏರಿಸುವದು ಅಥವಾ ಇಳಿಸುವದು.

ಮೊದಲನೆಯ ದಿನ ಯಂತ್ರವು ಎದ್ದು ನಿಂತಿತು. ಕೊಠಡಿಯಲ್ಲಿ ಕೇಕೆ ಏಳುವಷ್ಟರಲ್ಲಿಯೇ ಚಕ್ರದ ದನಿಯು ಸಣ್ಣಗೆ, ಮತ್ತೂ ಸಣ್ಣಗೆ ಏರುತ್ತ ಹೋಗಿ, ನಾಲ್ಕೈದು ಸೆಕೆಂಡುಗಳಲ್ಲಿ ಯಂತ್ರವು ಪಕ್ಕಕ್ಕೆ ಉರುಳಿತು. ಎಷ್ಟು ಸಲ ನಿಲ್ಲಿಸಿದರೂ ಅದೇ ಬದಿಗೆ, ಅಷ್ಟೇ ಹೊತ್ತಿಗೆ ಬಿದ್ದಿತು. ಕಾರಣವನ್ನು ಬಾಲಿಕೆಯರು ಕಾಗದದ ಮೇಲೆ ಲೆಕ್ಕಹಾಕಿ ಕಂಡುಕೊಂಡರು. ಬ್ಯಾಟರಿಯು ಒಂದು ಬದಿಗೆ ಇದ್ದುದರಿಂದ ಯಂತ್ರದ ಭಾರವು ಯಾವಾಗಲೂ ಸ್ವಲ್ಪ ಆ ಕಡೆಗೇ ಎಳೆಯುತ್ತಿತ್ತು. 2 ಡಿಗ್ರಿ ಮಾತ್ರ ವಾಲಿದ ಹಾಗೆ ಎಣಿಸಿದರೂ, ಆ ಎಳೆತವನ್ನು ತಡೆಯುವದಕ್ಕೆ ಚಕ್ರವು ತನ್ನ ವೇಗವನ್ನು ಒಂದೇ ಸಮನೆ ಏರಿಸುತ್ತಿರಬೇಕು; ಹಾಗೆ ಏರಿಸಿದರೆ ನಿಮಿಷಕ್ಕೆ 3000 ಸುತ್ತುಗಳ ಮೇರೆಯನ್ನು 4 ಸೆಕೆಂಡಿಗೂ ಮುಂಚೆಯೇ ಮುಟ್ಟುವದು. ಮೋಟಾರಿಗೆ ಅದಕ್ಕಿಂತ ಹೆಚ್ಚು ವೇಗವಿಲ್ಲ. ವೇಗವು ಏರುವದು ನಿಂತ ಕ್ಷಣವೇ ಆಸರೆಯೂ ನಿಂತಿತು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬರುವ ಅಲುಗಾಟವನ್ನು ಭಾರಚಕ್ರವು ಎಷ್ಟು ಹೊತ್ತಾದರೂ ತಾಳಿಕೊಳ್ಳುವದು. ಬಿಡದೆ ಒಂದೇ ಕಡೆಗೆ ಎಳೆಯುವ ಭಾರವನ್ನು ಅದು ತಾಳದು. ಅಂಥ ಭಾರವನ್ನು ಬೇರಿನಲ್ಲಿಯೇ ತೆಗೆಯಬೇಕು. ಬ್ಯಾಟರಿಯನ್ನು ನಡುವಿಗೆ ಸರಿಸಿದ ಮೇಲೆ ಯಂತ್ರವು ಒಂದು ನಿಮಿಷದ ವರೆಗೂ ನಿಂತಿತು.

ಇಲ್ಲಿಯ ವರೆಗೆ ಎಲ್ಲವೂ ಸಂತೋಷದಿಂದ ನಡೆಯಿತು. ಸ್ಪರ್ಧೆಗೆ ಇನ್ನು ಆರು ವಾರಗಳಿರುವಾಗ ಒಂದು ದುರ್ಘಟನೆಯು ಆಯಿತು. ಚಕ್ರವನ್ನು ಮೋಟಾರಿನ ಅಚ್ಚಿಗೆ ಕೂಡಿಸುವ ಲೋಹದ ಬುಷ್ಷನ್ನು ಪೇಟೆಯ ಅಂಗಡಿಯೊಂದರಿಂದ ತಂದಿತ್ತು. ಅದರೊಳಗೆ ಕಣ್ಣಿಗೆ ಕಾಣದ ಬಿರುಕು ಇತ್ತು. ಪೂರ್ಣ ವೇಗದ ಪರೀಕ್ಷೆಯನ್ನು ಸಾಗುವಾನಿ ಹಲಗೆಯ ಪೆಟ್ಟಿಗೆಯೊಳಗೇ ಮಾಡುವ ರೂಢಿಯನ್ನು ನಾವು ಮೊದಲಿನಿಂದ ಇಟ್ಟುಕೊಂಡಿದ್ದೆವು. ಆ ದಿನ ಬುಷ್ಷು ಸೀಳಿ ಚಕ್ರವು ಅಚ್ಚಿನಿಂದ ಕಳಚಿಕೊಂಡು ಪೆಟ್ಟಿಗೆಯ ಹಲಗೆಯನ್ನು ಉದ್ದಕ್ಕೂ ಸೀಳಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಸದ್ದು ಪಕ್ಕದ ತರಗತಿಗಳಿಗೂ ಕೇಳಿಸಿತು. ಸಂಜೆಯೊಳಗೆ ಸುದ್ದಿಯು ಐದೂ ಮನೆಗಳಿಗೆ ಮುಟ್ಟಿತು.

ಅರ್ಧ ಕಿಲೋಗ್ರಾಮಿನ ಚಕ್ರವು ಏನು ಮಾಡೀತೆಂದು ತಾವು ಕೇಳಬಹುದು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರೊಳಗೆ ಅಡಗಿರುವ ಶಕ್ತಿಯು ಸುಮಾರು 89 ಜೂಲ್. 9 ಕಿಲೋಗ್ರಾಂ ತೂಕದ ಕಲ್ಲೊಂದು ಒಂದು ಮೀಟರು ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು. ಅಲ್ಲದೆ ವೇಗವು ಎರಡರಷ್ಟಾದರೆ ಶಕ್ತಿಯು ನಾಲ್ಕರಷ್ಟಾಗುವದು. ಆದುದರಿಂದ ಪಾಲಕರ ಆತಂಕವು ವ್ಯರ್ಥವಾದದ್ದೆಂದು ಯಾರೂ ಹೇಳುವಂತಿರಲಿಲ್ಲ. ಹೆಣ್ಣುಮಕ್ಕಳಿಗೆ ಈ ಕೆಲಸವು ಯಾತಕ್ಕೆ, ಪರೀಕ್ಷೆಯ ಪಾಠಗಳನ್ನು ಓದಿಸಿದರೆ ಸಾಲದೇ ಎಂದು ಒಬ್ಬರು ಪತ್ರ ಬರೆದರು. ತಾಯಿಯ ಒಪ್ಪಿಗೆಯು ಬರುವ ತನಕ ಒಬ್ಬ ಹುಡುಗಿಯೂ ಆ ಕೊಠಡಿಗೆ ಹೋಗಕೂಡದೆಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆಮಾಡಿದರು. ಎರಡು ವಾರಗಳ ವರೆಗೆ ಕೊಠಡಿಗೆ ಬೀಗವಿತ್ತು. ಬಾಲಿಕೆಯರು ಬಿಡುವಿನ ಸಮಯದಲ್ಲಿ ಕಿಟಕಿಯಿಂದ ಯಂತ್ರವನ್ನು ನೋಡಿ ಹೋಗುತ್ತಿದ್ದರು. ಈ ವಿದ್ಯೆಯೇ ಶಾಲೆಯಿಂದ ಹೊರಟುಹೋಗುವದೋ ಎಂಬ ಚಿಂತೆಯು ನಮ್ಮನ್ನು ಬಿಡಲಿಲ್ಲ.

ಮೊದಲು ಶಾಲೆಗೆ ಬಂದವರು ಆ ಐವರಲ್ಲಿ ಒಬ್ಬಳ ತಾಯಿ. ಅವರ ಮನೆಯವರು ಹಿಟ್ಟಿನ ಗಿರಣಿಯನ್ನು ನಡೆಸುವವರು. ತಾವು ಹೆಚ್ಚು ಓದಿದವರಲ್ಲ. ಮಗಳನ್ನು ಬಿಡಿಸಿಕೊಂಡು ಹೋಗಲು ಬಂದಿರಬಹುದೆಂದು ನಾವು ಅಂಜಿದೆವು. ಅವರು ಸೀಳಿದ ಪೆಟ್ಟಿಗೆಯನ್ನೂ ಒಡೆದ ಬುಷ್ಷನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತರುವಾಯ ಹೇಳಿದ್ದಿಷ್ಟು: "ಅಕ್ಕಾರ, ಗಾಲಿ ನಮ್ಮ ಗಿರಣ್ಯಾಗೂ ಐತಿ. ಗಾಲಿಗೆ ಕಣ್ಣಿಲ್ಲ, ಕಿವಿ ಇಲ್ಲ. ಅದರ ಮುಂದ ನಿಂತವರಿಗೆ ಎರಡೂ ಇರಬೇಕು."

ಆ ತಾಯಿಯವರು ತವರುಮನೆಯಲ್ಲಿಯೂ ಗಿರಣಿಯನ್ನೇ ಕಂಡು ಬೆಳೆದವರು. ಅಲ್ಲಿ ಡೀಸೆಲ್ ಎಂಜಿನ್ನಿನ ಭಾರಚಕ್ರದ ಪಟ್ಟಿಗೆ ಸೀರೆಯ ಸೆರಗು ಸಿಕ್ಕಿದ ಒಬ್ಬ ನೆರೆಯಾಕೆಯ ಕೈಯು ಹೇಗೆ ಹೋಯಿತೆಂಬುದನ್ನು ಬಾಲಿಕೆಯರನ್ನು ಮುಂದೆ ಕೂರಿಸಿಕೊಂಡು ವಿವರವಾಗಿ ಹೇಳಿದರು. ಹುಡುಗಿಯರು ಉಸಿರು ಬಿಡದೆ ಕೇಳಿದರು. ಆಮೇಲೆ ಅವರು ನಾಲ್ಕು ಕಟ್ಟಳೆಗಳನ್ನು ಮಾಡಿದರು. ಜಡೆಯನ್ನು ಸುತ್ತಿ ಕಟ್ಟಿ, ದುಪಟ್ಟವನ್ನು ಹೊರಗಿಟ್ಟು ಒಳಗೆ ಬರಬೇಕು. ಪರೀಕ್ಷೆಯ ಪೆಟ್ಟಿಗೆಗೆ ಮಾತ್ರ ಹಲಗೆಯಿದ್ದರೆ ಸಾಲದು, ಯಂತ್ರದ ಮೇಲೆಯೇ ಚಕ್ರದ ಸುತ್ತ ಕಬ್ಬಿಣದ ಪಟ್ಟಿಯ ಕವಚವಿರಬೇಕು. ಯಂತ್ರವು ನಡೆಯುವಾಗ ಒಬ್ಬಳು ಬೇರೆ ಯಾವ ಕೆಲಸವನ್ನೂ ಮಾಡದೆ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿರಬೇಕು. ಸ್ವಿಚ್ಚು ತೆಗೆದ ಮೇಲೆಯೂ ಚಕ್ರವು ತಿರುಗುತ್ತಲೇ ಇರುವದಾದ್ದರಿಂದ, ಅದು ಪೂರ್ತಿಯಾಗಿ ನಿಂತದ್ದನ್ನು ಕಣ್ಣಾರೆ ಕಾಣುವ ತನಕ ಯಾರೂ ಕೈ ಚಾಚಬಾರದು. ಇಷ್ಟಾದರೆ ತಮ್ಮ ಮಗಳು ಬರುವಳೆಂದರು. ಅವರು ಒಪ್ಪಿದರೆಂಬುದನ್ನು ಕೇಳಿ ಉಳಿದ ನಾಲ್ವರ ಮನೆಯವರೂ ಒಪ್ಪಿದರು. ಪತ್ರ ಬರೆದಿದ್ದವರು ತಾವಾಗಿಯೇ ಬಂದು ಕಬ್ಬಿಣದ ಕವಚವನ್ನು ಮಾಡಿಸಿಕೊಟ್ಟರು.

ಈ ನಾಲ್ಕಕ್ಕೆ ಐದನೆಯದೊಂದನ್ನು ನಾವು ಸೇರಿಸಿದೆವು: ಚಕ್ರದ ವೇಗವು ನಿಮಿಷಕ್ಕೆ 2000 ಸುತ್ತನ್ನು ಮೀರಕೂಡದು. ಅದರಿಂದ ಅಡಗಿದ ಶಕ್ತಿಯು ಅರ್ಧಕ್ಕಿಂತಲೂ ಕಡಿಮೆಯಾಗುವದು. ಆದರೆ ಇದಕ್ಕೆ ಬೆಲೆಯನ್ನೂ ಕೊಡಬೇಕಾಯಿತು. ಏರಿಸುವದಕ್ಕೆ ಉಳಿದ ವೇಗದಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಅಷ್ಟರ ಮಟ್ಟಿಗೆ ಯಂತ್ರವು ಬೇಗನೆ ಸೋಲುವದು. ಉಳಿದ ಶಾಲೆಯವರು ಹೀಗೆ ಕೈ ಕಟ್ಟಿಕೊಳ್ಳುವರೇ ಎಂದು ಹುಡುಗಿಯರು ಮುನಿಸಿಕೊಂಡರು. ಅವರ ಮಾತಿನಲ್ಲಿ ಲೆಕ್ಕದ ತಪ್ಪೇನೂ ಇರಲಿಲ್ಲ. ಆದಾಗ್ಯೂ ಆ ಮೇರೆಯನ್ನು ನಾವು ಸಡಿಲಿಸಲಿಲ್ಲ.

ಸ್ಪರ್ಧೆಯ ದಿನ ಪ್ರತಿಯೊಂದು ಶಾಲೆಗೂ ಎರಡು ಅವಕಾಶಗಳಿದ್ದವು. ಮೊದಲನೆಯ ಸಲ ಯಂತ್ರವು ನಡುವಿನ ವರೆಗೆ ಸರಾಗವಾಗಿ ಹೋಯಿತು. ನಿಂತಿತು. ಎಣಿಕೆಯು ಏಳಕ್ಕೆ ಬಂದಾಗ ಬಲಕ್ಕೆ ಉರುಳಿ ಹಲಗೆಯಿಂದ ಕೆಳಗೆ ಬಿದ್ದಿತು. ಸಭೆಯಲ್ಲಿ ಕೆಲವರು ನಕ್ಕರು. ಇಬ್ಬರು ಹುಡುಗಿಯರ ಕಣ್ಣಿನಲ್ಲಿ ನೀರು ತುಂಬಿತು. ವೇಗದ ಮೇರೆಯನ್ನು ತೆಗೆದುಬಿಡೋಣ, ಈ ಒಂದು ಸಲಕ್ಕೆ ಮಾತ್ರ, ಎಂದು ಅವರಲ್ಲೊಬ್ಬಳು ಬೇಡಿಕೊಂಡಳು. ಯಂತ್ರಕ್ಕೆ ಆ ಆಜ್ಞೆಯನ್ನು ಬದಲಾಯಿಸಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಕೂಡದೆಂದು ನಾವು ಹೇಳುವ ಮೊದಲೇ ಗಿರಣಿಯವರ ಮಗಳು ಬಾಯಿ ತೆರೆದಳು: "ಬ್ಯಾಟರಿ ಒಂದು ಬದಿಗೆ ಇದ್ದಾಗ ಹ್ಯಾಂಗ ದನಿ ಏರತಿತ್ತೋ, ಈಗೂ ಹಾಂಗ ಏರಾಕತ್ತಿತ್ತು. ಏನೋ ಎಡಗಡೆಯಿಂದ ನೂಕಾಕತ್ತೈತಿ."

ಹಗಲೂ ಸಂಜೆಯೂ ಎಂಜಿನ್ನಿನ ದನಿಯನ್ನು ಕೇಳಿ ಬೆಳೆದ ಕಿವಿಯದು. ಅವಳು ಹಲಗೆಯ ಹತ್ತಿರ ಹೋಗಿ, ಕೈಯನ್ನು ಹಸಿಮಾಡಿಕೊಂಡು ಯಂತ್ರವು ನಿಂತಿದ್ದ ಸ್ಥಳದಲ್ಲಿ ಹಿಡಿದಳು. ಅತಿಥಿಗಳ ಸಲುವಾಗಿ ಎಡಬದಿಯಲ್ಲಿ ನಿಲ್ಲಿಸಿದ್ದ ದೊಡ್ಡ ಫ್ಯಾನಿನ ಗಾಳಿಯು ಹಲಗೆಯ ನಡುವಿಗೇ ಸರಿಯಾಗಿ ಬೀಸುತ್ತಿತ್ತು! ಗಾಳಿಯು ಅಂಥ ಜೋರಾದದ್ದೇನಲ್ಲ. ಆದರೆ ಬಿಡದೆ ಒಂದೇ ಕಡೆಗೆ ನೂಕುತ್ತಿತ್ತು. ಕಬ್ಬಿಣದ ಕವಚವು ಗಾಳಿಗೆ ಮತ್ತಷ್ಟು ಮೈಯನ್ನು ಒಡ್ಡಿತ್ತು. ಫ್ಯಾನನ್ನು ಸರಿಸಲು ಕೇಳಿದೆವು. ಎಲ್ಲರಿಗೂ ಒಂದೇ ಗಾಳಿ, ಸರಿಸಲಾಗದೆಂದು ಉತ್ತರ ಬಂದಿತು.

ಆಗ ಐವರೂ ಕೂಡಿ ಐದು ನಿಮಿಷ ಗುಸುಗುಸು ಮಾತಾಡಿದರು. ತರುವಾಯ, ಯಾವ ಬ್ಯಾಟರಿಯನ್ನು ಕಷ್ಟಪಟ್ಟು ನಡುವಿಗೆ ತಂದಿದ್ದರೋ ಅದನ್ನೇ ತಮ್ಮ ಕೈಯಾರೆ ಎಡಕ್ಕೆ, ಗಾಳಿಯು ಬರುವ ಕಡೆಗೆ, ಒಂದು ಸೆಂಟಿಮೀಟರಿನಷ್ಟು ಸರಿಸಿ ಕಟ್ಟಿದರು. ಗಾಳಿಯು ಬಲಕ್ಕೆ ನೂಕಿದಷ್ಟನ್ನು ಬ್ಯಾಟರಿಯ ಭಾರವು ಎಡಕ್ಕೆ ಎಳೆಯಬೇಕೆಂಬುದು ಅವರ ಎಣಿಕೆ. ಗಾಳಿಯಿಲ್ಲದ ತುದಿಗಳಲ್ಲಿ ಅದೇ ಭಾರವು ತೊಡಕಾಗುವದೆಂಬುದನ್ನೂ ಅವರು ಯೋಚಿಸದೆ ಇರಲಿಲ್ಲ. ಆ ಭಾಗಗಳನ್ನು ದಾಟುವ ಹೊತ್ತು ಸ್ವಲ್ಪವಾದ್ದರಿಂದ ಚಕ್ರವು ತಾಳಿಕೊಳ್ಳುವದೆಂದು ಲೆಕ್ಕಮಾಡಿದ್ದರು. ಎರಡನೆಯ ಸಲ ಯಂತ್ರವು ಹಲಗೆಯ ನಡುವೆ ನಿಂತಿತು. ನಾವು ಎಣಿಕೆಯನ್ನು ಕೇಳಲಿಲ್ಲ. ಚಕ್ರದ ದನಿಯನ್ನೇ ಕೇಳುತ್ತಿದ್ದೆವು. ಅದು ಏರಲಿಲ್ಲ. ಹತ್ತು ಆಯಿತು. ಯಂತ್ರವು ಮೆಲ್ಲನೆ ಹೊರಟು ಆಚೆಯ ದಡವನ್ನು ಮುಟ್ಟಿತು. ಮೊದಲನೆಯ ಸಲವೇ ದಾಟಿದ ಬೇರೆ ಶಾಲೆಯವರಿಗೆ ಬಹುಮಾನವು ಹೋಯಿತು, ಅದು ನ್ಯಾಯವೇ.

ಮರಳಿ ಬಂದ ಮೇಲೆ ಬಾಲಿಕೆಯರಿಗೆ ಆಕಾಶದ ಒಂದು ಕಥೆಯನ್ನು ಹೇಳಿದೆವು. 1990ರಲ್ಲಿ ಭೂಮಿಯ ಸುತ್ತ ಹಾರಿಬಿಟ್ಟ ಹಬಲ್ ದೂರದರ್ಶಕಕ್ಕೆ ದಿಕ್ಕು ಬದಲಾಯಿಸಲು ಒತ್ತಿಕೊಳ್ಳುವ ನೆಲವಿಲ್ಲ. ಅದು ತನ್ನೊಳಗಿನ ಭಾರಚಕ್ರಗಳ ವೇಗವನ್ನು ಬದಲಾಯಿಸಿಯೇ ಬೇಕಾದ ನಕ್ಷತ್ರದ ಕಡೆಗೆ ಮುಖ ತಿರುಗಿಸುವದು. ಗಡಿಯಾರದ ನಿಮಿಷದ ಮುಳ್ಳಿನಂತೆ, 90 ಡಿಗ್ರಿ ತಿರುಗಲು ಸುಮಾರು 15 ನಿಮಿಷ. 2009ರಲ್ಲಿ ಹಾರಿಬಿಟ್ಟ ಕೆಪ್ಲರ್ ಎಂಬ ದೂರದರ್ಶಕಕ್ಕೆ ಇಂಥ ನಾಲ್ಕು ಚಕ್ರಗಳಿದ್ದವು. ಸ್ಥಿರವಾಗಿ ನೋಡಲು ಮೂರಾದರೂ ಬೇಕು. 2012ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೆಟ್ಟವು. ಸೂರ್ಯನ ಬೆಳಕಿಗೂ ಬಹಳ ಸೂಕ್ಷ್ಮವಾದ ಒಂದು ಒತ್ತು ಇದೆ. ಅದು ಯಂತ್ರವನ್ನು ಯಾವಾಗಲೂ ನೂಕುತ್ತಿರುವದು. ಯಂತ್ರಶಿಲ್ಪಿಗಳು ಆ ಬೆಳಕಿನ ಒತ್ತು ಎರಡೂ ಬದಿಗೆ ಸಮನಾಗಿ ಬೀಳುವಂತೆ ದೂರದರ್ಶಕವನ್ನು ನಿಲ್ಲಿಸಿ, ಉಳಿದ ಎರಡೇ ಚಕ್ರಗಳಿಂದ 2014ರಲ್ಲಿ ಕೆಲಸವನ್ನು ಪುನಃ ಆರಂಭಿಸಿದರು. 2018ರಲ್ಲಿ ಇಂಧನವು ಮುಗಿಯುವ ತನಕ ಅದು ನಡೆಯಿತು. ಇದನ್ನು ಕೇಳಿ ಗಿರಣಿಯವರ ಮಗಳು, ಅವರಿಗೂ ಫ್ಯಾನನ್ನು ಸರಿಸಲಾಗಲಿಲ್ಲವಲ್ಲವೇ ಎಂದು ನಕ್ಕಳು.

ನಮ್ಮ ನಾಡಿಗೂ ಈ ವಿದ್ಯೆಯು ದೂರದ್ದಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ 1975ನೆಯ ಏಪ್ರಿಲ್ 19ರಂದು ಹಾರಿಬಿಟ್ಟ ಆರ್ಯಭಟ ಉಪಗ್ರಹವು ತಾನೇ ಇಡಿಯಾಗಿ ಬುಗುರಿಯಂತೆ ತಿರುಗಿ ಸ್ಥಿರವಾಗಿ ನಿಂತದ್ದು. ಈಗ ನಮ್ಮ ದೇಶದ ಉಪಗ್ರಹಗಳೊಳಗೆ ಕೂರಿಸುವ ಭಾರಚಕ್ರಗಳು ತಿರುವನಂತಪುರದಲ್ಲಿರುವ ಇಸ್ರೋದ ಒಂದು ಘಟಕದಲ್ಲಿ ಸಿದ್ಧವಾಗುತ್ತವೆ. ಹೊಲಿಗೆಯ ಯಂತ್ರದ ಗಾಲಿಯಿಂದ ಉಪಗ್ರಹದ ಗಾಲಿಯ ವರೆಗೆ ಇರುವ ಹಾದಿಯು ನಮ್ಮ ಹುಡುಗಿಯರು ನಡೆಯಲಾರದಷ್ಟು ಉದ್ದವಾದದ್ದೆಂದು ನಮಗೆ ತೋರುವದಿಲ್ಲ.

ಮಾನ್ಯ ಪಾಲಕರಲ್ಲಿ ನಮ್ಮ ವಿನಂತಿಯು ಒಂದೇ. ತಮ್ಮ ಮನಸ್ಸಿನಲ್ಲಿ ಭಯವಿದ್ದರೆ ಅದನ್ನು ಪತ್ರದಲ್ಲಿ ಬರೆದು ಕಳಿಸಿ ಸುಮ್ಮನಾಗದೆ, ಒಂದು ಶನಿವಾರ ಸ್ವತಃ ಬಂದು ಕೊಠಡಿಯನ್ನು ನೋಡಬೇಕು. ಹೊಲ, ಗಿರಣಿ, ಅಡಿಗೆಮನೆ, ಕಾರ್ಖಾನೆಗಳಲ್ಲಿ ತಾವು ಕಲಿತ ಎಚ್ಚರಿಕೆಯು ನಮ್ಮ ಪುಸ್ತಕಗಳಲ್ಲಿ ಸಿಕ್ಕುವದಿಲ್ಲ. ಆ ತಾಯಿಯವರ ನಾಲ್ಕು ಕಟ್ಟಳೆಗಳನ್ನೂ ನಮ್ಮ ಒಂದನ್ನೂ ಹುಡುಗಿಯರು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಹಚ್ಚಿರುವರು. ಅಲ್ಲಿ ಆರನೆಯದಕ್ಕೂ ಏಳನೆಯದಕ್ಕೂ ಸ್ಥಳವಿದೆ.

ಹಳೆಯ ಸೋದರಿಯರ ಮನೆಗಳಲ್ಲಿ ಬಳಕೆ ತಪ್ಪಿದ ಹೊಲಿಗೆಯ ಯಂತ್ರಗಳಿದ್ದರೆ ಅವುಗಳ ಗಾಲಿಗಳು ನಮಗೆ ಬಹಳ ಉಪಯೋಗವಾಗುವವು. ಈ ವರ್ಷದ ತಂಡದಲ್ಲಿ ಒಂಬತ್ತು ಬಾಲಿಕೆಯರಿದ್ದಾರೆ. ಹತ್ತನೆಯ ತರಗತಿಗೆ ಹೋದ ಗಿರಣಿಯವರ ಮಗಳೇ ಅವರಿಗೆ ಚಕ್ರದ ದನಿಯನ್ನು ಕೇಳುವದನ್ನು ಕಲಿಸುತ್ತಿರುವಳು. ಶನಿವಾರ ಮಧ್ಯಾಹ್ನ ಎರಡು ಘಂಟೆಗೆ ಕೊಠಡಿಯು ತೆರೆದಿರುತ್ತದೆ. ಬರುವವರು ದಯಮಾಡಿ ಸೆರಗನ್ನು ಸಿಕ್ಕಿಸಿಕೊಂಡು, ಜಡೆಯನ್ನು ಕಟ್ಟಿಕೊಂಡು ಬರಬೇಕು.